ನಾಲ್ಕನೆಯ ಮೂಲೆಯ ಚರಗ

ವಡೋದರಾದ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ನನ್ನ ಮರ್ಯಾದೆ ಮೂರುಕಾಸಿಗೆ ಹರಾಜಾದದ್ದು ಒಂದು ಎಳ್ಳಮಾವಾಸ್ಯೆಯ ದಿನ. ಸೊಸೈಟಿಯ ಚೇರ್ಮನ್ನರು ತಮ್ಮ ಹೊಸ ಬಿಳಿ ಕಾರಿನ ಫೋಟೋ ಹಾಕಿದ್ದರು. ಬಾನೆಟ್ಟಿನ ಮೇಲೆ ಬದನೆಕಾಯಿ ಪಲ್ಯ, ಮೊಸರನ್ನ, ಎರಡು ಸಜ್ಜೆ ಕಡುಬು, ಒಂದು ಕಾಗೆ. ಕೆಳಗೆ ‘ಇದು ಯಾರ ಮನೆಯ ಊಟ?’ ಎಂಬ ಪ್ರಶ್ನೆ. ಯಾರ ಮನೆಯದೆಂದು ಕೇಳಿದವರಿಗೂ ಗೊತ್ತಿತ್ತು. ಸಜ್ಜೆ ಕಡುಬು ಮಾಡುವ ಮನೆ ಆ ಕಟ್ಟಡದಲ್ಲಿ ಒಂದೇ ಇತ್ತು.

ಅದು ನನ್ನ ಅವ್ವನ ಕೈಚಳಕ. ನಮ್ಮದು ಬಾಗಲಕೋಟೆ ಕಡೆಯ ಒಕ್ಕಲುತನದ ಮನೆ. ಎಳ್ಳಮಾವಾಸ್ಯೆಯ ಹೊತ್ತಿಗೆ ಹೊಲದಲ್ಲಿ ಬೆಳೆ ತುಂಬಿ ನಿಂತಿರುತ್ತದೆ. ಭೂಮಿತಾಯಿ ಬಸುರಿ, ಅವಳಿಗೆ ಬಯಕೆಯ ಊಟ ಉಣಿಸಬೇಕು ಎಂಬುದು ನಮ್ಮ ಕಡೆಯ ನಂಬಿಕೆ. ಮನೆಯಲ್ಲಿ ಮಾಡಿದ್ದೆಲ್ಲವನ್ನೂ ಕಲಸಿ ಬುಟ್ಟಿಯಲ್ಲಿಟ್ಟುಕೊಂಡು ಹೊಲದ ನಾಲ್ಕೂ ಮೂಲೆಗೆ ಚೆಲ್ಲಿ ಬರಬೇಕು. ಅದಕ್ಕೇ ಚರಗ ಎನ್ನುವುದು. ಚೆಲ್ಲುವವನು ‘ಹುಲ್ಲುಲಿಗೋ’ ಎಂದು ಕೂಗಬೇಕು, ಹಿಂದಿನಿಂದ ನೀರು ಚಿಮುಕಿಸುತ್ತ ಬರುವವನು ‘ಸುರಂಬಳಿಗೋ’ ಎನ್ನಬೇಕು. ಅರ್ಥ ಕೇಳಬೇಡಿ. ಊರಿಗೊಂದು ಪಾಠ ಇದೆ, ಒಂದಕ್ಕೂ ಅರ್ಥ ಇಲ್ಲ, ಎಲ್ಲದಕ್ಕೂ ಗಂಟಲು ಬೇಕು. ಭೂಮಿ ಉಂಡ ಮೇಲೆ ಮನುಷ್ಯರು ಅಲ್ಲೇ ಹೊಲದಲ್ಲಿ ಕೂತು ಉಣ್ಣುತ್ತಾರೆ.

ನಮ್ಮ ಹೊಲ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಬಹಳ ವರ್ಷಗಳಾದವು. ಆಮೇಲೂ ಅವ್ವ ತವರಿನವರ ಹೊಲಕ್ಕೆ ಹೋಗಿ ಚರಗ ಚೆಲ್ಲಿಸುವುದನ್ನು ಬಿಟ್ಟಿರಲಿಲ್ಲ. ನನ್ನ ಹತ್ತಿರ ವಡೋದರಾಕ್ಕೆ ಬಂದ ಮೇಲೆ ಅವಳ ಪಾಲಿಗೆ ಉಳಿದದ್ದು ನಾಲ್ಕನೆಯ ಮಹಡಿಯ ಬಾಲ್ಕನಿ ಮತ್ತು ಐದು ಹೂವಿನ ಕುಂಡ. ಕುಂಡಕ್ಕೆ ಚರಗ ಚೆಲ್ಲುವುದರಲ್ಲಿ ತಪ್ಪೇನಿಲ್ಲ. ಆದರೆ ಅವ್ವನ ಕೈಗೆ ಎಂಟೆಕರೆಯ ಅಳತೆ ರೂಢಿಯಾಗಿತ್ತು. ಕುಂಡದಾಚೆ ಬಿದ್ದದ್ದು ಚೇರ್ಮನ್ನರ ಕಾರಿನ ಪಾಲಾಯಿತು.

ಮರುವರ್ಷ ಚಳಿ ಶುರುವಾಗುತ್ತಲೇ ಅವ್ವ ಹಟ ಹಿಡಿದಳು. “ಕುಂಡ್ಯಾಗ ಮಾಡೂದು ಸಾಕು. ಮೂರು ವರ್ಷ ಆತು, ಬಸರಿ ಹೆಂಗಸನ್ನ ಬಾಗಲಾಗ ನಿಂದ್ರಿಸಿ ಚಮಚಾದಲೇ ಉಣಿಸಿದಂಗ ಆಗೇತಿ. ನಂಗೊಂದು ಹೊಲ ತೋರ್ಸು. ನಾಲ್ಕು ಮೂಲಿ ಇರೂ ಹೊಲ. ಯಾರದಾದ್ರೂ ಇರ್ಲಿ.”

“ಯಾರದೋ ಹೊಲಕ್ಕೆ ನೀ ಯಾಕ ಉಣಿಸ್ತೀ ಬೇ?” ಎಂದೆ.

“ಭೂಮಿ ಯಾರದೋ ಅಂತ ಕೇಳಿ ಬೆಳೀತೈತೇನು?” ಎಂದಳು.

ಹೊಲ ಎಲ್ಲಿಂದ ತರಲಿ? ವಡೋದರಾದಲ್ಲಿ ನನಗೆ ಗೊತ್ತಿದ್ದ ಕನ್ನಡಿಗರೆಂದರೆ ಬ್ಯಾಂಕಿನವರು, ರೈಲ್ವೆಯವರು, ವಿಮೆಯವರು. ಹೊಲ ಕೇಳಿದರೆ ಎಲ್ಲರೂ ಬಾಲ್ಕನಿಯ ಕರಿಬೇವು ತೋರಿಸಿಯಾರು. ಕಡೆಗೆ ನೆನಪಾದದ್ದು ನಮ್ಮ ಕಾರ್ಖಾನೆಯ ನಿವೃತ್ತ ಫೋರ್‌ಮನ್. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ಊರಾಚೆ ಪಾದ್ರಾ ಕಡೆಯ ಹಳ್ಳಿಯಲ್ಲಿ ಅವರದೊಂದು ತುಂಡು ಜಮೀನಿತ್ತು. ಫೋನಿನಲ್ಲಿ ಹತ್ತು ನಿಮಿಷ ನನ್ನ ಹರಕು ಹಿಂದಿಯಲ್ಲಿ ಚರಗದ ಮಹಿಮೆ ವಿವರಿಸಿದೆ. ಅವರು ಎಲ್ಲ ಕೇಳಿ, “ಮತಲಬ್, ಖಾನಾ ಲಾಕೇ ಫೇಂಕ್ ದೇನಾ ಹೈ?” ಎಂದರು. ಊಟ ತಂದು ಎಸೆದು ಹೋಗುವ ಜನರನ್ನು ಅವರು ಅದುವರೆಗೆ ಕಂಡಿರಲಿಲ್ಲ. ವಾಸನೆಗೆ ರೋಝ್ ಬಂದರೇನು ಗತಿ ಎಂಬುದು ಅವರ ಚಿಂತೆ. ರೋಝ್ ಎಂದರೆ ನೀಲಗಾಯಿ. ಕುದುರೆಯಷ್ಟು ಎತ್ತರದ ಪ್ರಾಣಿ, ಒಮ್ಮೆ ನುಗ್ಗಿದರೆ ಬೆಳೆ ತುಳಿದು ಚಟ್ನಿ ಮಾಡುತ್ತದೆ. ಆದರೂ ನನ್ನ ಮುಖ ನೋಡಿ ಒಪ್ಪಿಕೊಂಡರು.

ಅವರ ಹೊಲದ ತುಂಬ ಇದ್ದದ್ದು ತಂಬಾಕು. ಜೋಳ ಇಲ್ಲ, ಕಡಲೆ ಇಲ್ಲ ಎಂದು ಅವ್ವನಿಗೆ ಹೆದರುತ್ತಲೇ ಹೇಳಿದೆ. ಅವಳು ಬಾಯಲ್ಲಿದ್ದ ಎಲೆಅಡಿಕೆಯನ್ನು ಕೆನ್ನೆಗೆ ಸರಿಸಿ, “ಐವತ್ತು ವರ್ಷ ನಾ ತಂಬಾಕ ತಿಂದೀನಿ. ಒಂದ ದಿನ ನಾ ಅದಕ್ಕ ಉಣಿಸಿದ್ರ ಏನ ಕಳಕೊಂಡಂಗ ಆತು?” ಎಂದಳು.

ಇಷ್ಟೆಲ್ಲ ಹೊಂದಿಸಿದ ಮೇಲೆ ವಕ್ಕರಿಸಿದವರು ಫಿನ್‌ಲ್ಯಾಂಡಿನ ಇಬ್ಬರು ಇನ್‌ಸ್ಪೆಕ್ಟರುಗಳು. ನಾನು ಕೆಲಸ ಮಾಡುವುದು ಆಳೆತ್ತರದ ವಾಲ್ವುಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ, ಗುಣಮಟ್ಟ ವಿಭಾಗದಲ್ಲಿ. ಹೊರದೇಶಕ್ಕೆ ಹೋಗುವ ವಾಲ್ವನ್ನು ಪರೀಕ್ಷಿಸಲು ಅವರು ಬಂದಿದ್ದರು. ಒಬ್ಬರು ಅರವತ್ತರ ಹತ್ತಿರದ ಗಿಡ್ಡನೆಯ ಹೆಂಗಸು. ಕಾರ್ಖಾನೆಯಲ್ಲೆಲ್ಲ ಅವರನ್ನು ಮೇಡಂ ಎನ್ನುತ್ತಿದ್ದೆವು. ತಾನು ಕಣ್ಣಾರೆ ನೋಡದೇ ಇದ್ದದ್ದು ನಡೆದೇ ಇಲ್ಲ ಎಂಬುದು ಅವರ ಧರ್ಮ. ಹನ್ನೆರಡು ಬೋಲ್ಟು ಬಿಗಿಮಾಡಿದೆವು ಎಂದರೆ ಎಣಿಸುತ್ತಿದ್ದರು. ಹನ್ನೆರಡೇ ಇರುತ್ತಿದ್ದವು. ಆದರೂ ಮರುದಿನ ಇನ್ನೊಮ್ಮೆ ಎಣಿಸುತ್ತಿದ್ದರು. ಇನ್ನೊಬ್ಬ ಅವರ ಸಹೋದ್ಯೋಗಿ, ಆರೂವರೆ ಅಡಿಯ ನಡುವಯಸ್ಸಿನ ಮೌನಿ. ವಾರವಿಡೀ ಅವನ ಬಾಯಿಂದ ‘ಓಕೆ’ ಬಿಟ್ಟು ಬೇರೆ ಶಬ್ದ ಹೊರಟಿದ್ದನ್ನು ನಾವು ಕೇಳಿರಲಿಲ್ಲ.

ಗುಜರಾತಿನಲ್ಲಿ ಅಮಾವಾಸ್ಯೆಯ ದಿನ ಹಲವು ಕಸುಬಿನವರು ಸಾಮಾನು ಮುಟ್ಟುವುದಿಲ್ಲ. ನಮ್ಮ ಬಣ್ಣ ಬಳಿಯುವ ಗುತ್ತಿಗೆಯವರೂ ಅದೇ ಪಂಥ. ಬಣ್ಣ ಇಲ್ಲದೆ ತಪಾಸಣೆ ಇಲ್ಲ, ಇನ್‌ಸ್ಪೆಕ್ಟರಿಬ್ಬರಿಗೂ ಅವತ್ತು ಬಿಡುವು. ನನ್ನ ಬಾಸ್ ಕರೆದು, “ನೀನು ಹೇಗೂ ರಜೆ ಹಾಕಿದ್ದೀಯ, ಅವರನ್ನೂ ಕರೆದುಕೊಂಡು ಹೋಗು. ಹಳ್ಳಿ, ಮನೆ ಅಡುಗೆ, ಒಳ್ಳೆ ಗಾಳಿ. ನನಗೊಂದು ಡಬ್ಬಿ ಕಟ್ಟಿಸು” ಎಂದರು. ಇಲ್ಲ ಎನ್ನುವ ಎದೆಗಾರಿಕೆ ನನಗೆ ಯಾವತ್ತೂ ಇದ್ದದ್ದಲ್ಲ.

ನನ್ನ ಹೆಂಡತಿ ಮೈಸೂರಿನವಳು. ಎರಡು ದಿನದಿಂದ ಅವ್ವನ ಕೈಕೆಳಗೆ ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಅಗಸಿ ಹಿಂಡಿ ಎಂದು ಒಲೆ ಮುಂದೆ ಬೆಂದುಹೋಗಿದ್ದಳು. “ಊಟ ಎಸೆಯೋದನ್ನ ನೋಡೋಕೆ ಫಾರಿನ್ನಿಂದ ಬೇರೆ ಕರೆಸಿದ್ದೀರಾ? ಚೆನ್ನಾಗಿದೆ ಕಣ್ರೀ ನಿಮ್ಮ ಕಡೆಯ ವೈಭೋಗ” ಎಂದಳು. ಆದರೆ ಬಾಸಿನ ಡಬ್ಬಿಗೆ ಹೋಳಿಗೆ ಎಣಿಸಿ ಇಡುವುದನ್ನು ಮರೆಯಲಿಲ್ಲ. ಆ ಡಬ್ಬಿಯ ಮಹತ್ವ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ದಾರಿಯುದ್ದಕ್ಕೂ ಮೇಡಂ ಪ್ರಶ್ನೆ ಕೇಳಿದರು. ಎಷ್ಟು ಮೂಲೆ? ನಾಲ್ಕು. ಯಾವ ದಿಕ್ಕಿನಿಂದ ಶುರು? ಮೂಡಣದಿಂದ. ಪ್ರತಿ ಮೂಲೆಗೆ ಎಷ್ಟು ಪ್ರಮಾಣ? ಒಂದು ಬೊಗಸೆ. ಎಲ್ಲ ಸರಿಯಾಯಿತೆಂದು ಗೊತ್ತಾಗುವುದು ಹೇಗೆ? ಬೆಳೆ ಬಂದರೆ. ಅವರು ಕಿರುಪುಸ್ತಕ ತೆಗೆದು ಒಂದು ಚೌಕ ಬರೆದು ನಾಲ್ಕು ಮೂಲೆಗೆ ನಾಲ್ಕು ಸುತ್ತು ಹಾಕಿಕೊಂಡರು. ಪಕ್ಕದಲ್ಲಿದ್ದ ಅವ್ವ ಅದನ್ನು ಬಗ್ಗಿ ನೋಡಿ, “ಈಕಿಗೆ ತಿಳೀತು ನೋಡು. ನಿನ್ನ ಹೆಂಡ್ತಿಗೆ ಇಪ್ಪತ್ತು ವರ್ಷದಿಂದ ಹೇಳಾಕತ್ತೀನಿ” ಎಂದಳು. ಹೆಂಡತಿ ಕಿಟಕಿಯ ಕಡೆ ತಿರುಗಿದಳು.

ಹೊಲದಲ್ಲಿ ಮೊದಲ ತೊಡಕು ಕಲ್ಲಿನದು. ಪಾಂಡವರೆಂದು ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜೆ ಮಾಡಬೇಕು. ಆ ಕಡೆಯ ಮಣ್ಣು ಹಿಟ್ಟಿನಂಥದು, ಹುಡುಕಿದರೂ ಕಲ್ಲಿನ ಚೂರಿಲ್ಲ. ಇದು ಗೊತ್ತಿದ್ದ ನಾನು ಸೊಸೈಟಿಯ ಪಾರ್ಕಿಂಗಿನಿಂದ ಒಡೆದ ಟೈಲ್ಸಿನ ಐದು ತುಂಡು ತಂದಿದ್ದೆ. ಧರ್ಮರಾಯನ ಮೇಲೆ ಬಾಣದ ಗುರುತಿತ್ತು, ಗಾಡಿ ಆ ಕಡೆ ತಿರುಗಿಸಿ ಎಂದು. ಅವ್ವ ಅದರ ಮೇಲೂ ಸುಣ್ಣ ಬಳಿದಳು.

ಅವ್ವನಿಗೆ ಮೊಣಕಾಲು ನೋವು. ಉಳುಮೆಯ ಮಣ್ಣಿನಲ್ಲಿ ನಡೆಯಲಾರಳು. ಬೇವಿನ ಮರದ ಕೆಳಗೆ ಕೂತು ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, “ಮೂರು ವರ್ಷದ್ದು ಕೂಡಿಸಿ ಉಣಿಸಿ ಬಾ. ಒಂದು ಮೂಲೀನೂ ಬಿಡಬ್ಯಾಡ” ಎಂದಳು. ನೀರಿನ ತಂಬಿಗೆಯನ್ನು ಉದ್ದನೆಯ ಮೌನಿ ತಾನೇ ಎತ್ತಿಕೊಂಡ. ಮೇಡಂ ಅವ್ವನ ಪಕ್ಕ ಕೂತು ಪೆನ್ನಿನ ಮುಚ್ಚಳ ತೆಗೆದರು.

ಈಗ ನನ್ನ ಸಂಕಟ ಕೇಳಿ. ಸೋಮವಾರ ಈ ಹೆಂಗಸಿನ ಎದುರು ನಿಂತು ನಾನು ಗಂಭೀರವಾಗಿ ಒತ್ತಡದ ಪರೀಕ್ಷೆ ವಿವರಿಸಬೇಕು. ಇವತ್ತು ಅವರೆದುರೇ ತಂಬಾಕಿನ ನಡುವೆ ಅನ್ನ ಎಸೆಯುತ್ತ ‘ಹುಲ್ಲುಲಿಗೋ’ ಎಂದು ಅರಚಬೇಕು! ಮೊದಲ ಮೂಲೆಯಲ್ಲಿ, ದೇವಸ್ಥಾನದ ಸಾಲಿನಲ್ಲಿ ಮುಂದಿನವರನ್ನು ದಾರಿ ಬಿಡಿ ಎಂದು ಕೇಳುವವನ ಹಾಗೆ, “ಹುಲ್ಲುಲಿಗೋ” ಎಂದು ಗೊಣಗಿದೆ. ಹಿಂದಿನಿಂದ ಸಿಡಿಲು ಬಡಿಯಿತು. “ಸುರಂಬಳಿಗೋ!”

ವಾರದಿಂದ ಬಾಯಿಬಿಡದ ಆ ಮನುಷ್ಯ ಆಕಾಶದ ಕಡೆ ಮುಖ ಎತ್ತಿ ಕೂಗಿದ್ದ. ಕಾರಿನಲ್ಲಿ ನಾನು ಹೇಳಿದ್ದನ್ನು ಅವನು ಅಕ್ಷರ ಬಿಡದೆ ಬಾಯಿಪಾಠ ಮಾಡಿಕೊಂಡಿದ್ದ. ಬೇಲಿಯ ಮೇಲಿನ ಎರಡು ನವಿಲು ಹಾರಿ ಪಕ್ಕದ ಊರಿಗೆ ಹೋದವು. ನಾಯಿಗಳು ಬೊಗಳಿದವು. ಕಾಕಾ ಕೈಯೆತ್ತಿ, “ವಾಹ್! ಇನ್ನು ಒಂದು ತಿಂಗಳು ರೋಝ್ ಈ ಕಡೆ ತಲೆ ಹಾಕಲ್ಲ” ಎಂದು ಹಿಂದಿಯಲ್ಲಿ ಸಂತೋಷಪಟ್ಟರು. ನನಗೆ ಇನ್ನಷ್ಟು ನಾಚಿಕೆಯಾಯಿತು. ಎರಡನೆಯ ಮೂಲೆ ಮುಗಿಸಿದೆ. ಮೂರನೆಯದನ್ನೂ ಮುಗಿಸಿದೆ.

ನಾಲ್ಕನೆಯ ಮೂಲೆ ಇದ್ದದ್ದು ನೀರು ಹಾಯಿಸುವ ಸಣ್ಣ ತೋಡಿನ ಆಚೆ, ಕಾಲುವೆಯ ಏರಿಗೆ ತಗುಲಿಕೊಂಡು. ತೋಡಿನಲ್ಲಿ ಮೊಣಕಾಲುದ್ದ ಕೆಸರು. ನನ್ನ ಕಾಲಲ್ಲಿ ದೀಪಾವಳಿಗೆ ಕೊಂಡ ಶೂ. ಹೊಟ್ಟೆ ಬೇರೆ ಕೂಗುತ್ತಿತ್ತು. ಅವ್ವ ಕೂತಲ್ಲಿಂದ ಆ ಮೂಲೆ ಕಾಣುವುದಿಲ್ಲ, ತಂಬಾಕು ತಲೆಮಟ್ಟ ಬೆಳೆದಿದೆ. ಬುಟ್ಟಿಯಲ್ಲಿ ಉಳಿದಿದ್ದನ್ನೆಲ್ಲ ಮೂರನೆಯ ಮೂಲೆಗೇ ಸುರಿದು ವಾಪಸು ನಡೆದೆ. ಉದ್ದನೆಯವನು ತೋಡಿನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ, “ಓಕೆ” ಎಂದ.

ಊಟಕ್ಕೆ ಕೂತೆವು. ನಿಜ ಹೇಳಬೇಕೆಂದರೆ ಅಂಥ ಊಟ ನಾನು ಗುಜರಾತಿಗೆ ಬಂದ ಮೇಲೆ ಉಂಡಿರಲಿಲ್ಲ. ಮೇಡಂ ರೊಟ್ಟಿಯ ತುಂಡಿನಿಂದ ಎಣ್ಣೆಗಾಯಿ ಹಿಡಿಯುವುದನ್ನು ಅವ್ವನ ಕೈ ನೋಡಿ ನೋಡಿ ಕಲಿತರು. ಮೊದಲ ಮೂರು ತುತ್ತು ಮಡಿಲಿಗೆ ಬಿತ್ತು, ನಾಲ್ಕನೆಯದು ಬಾಯಿಗೆ ಹೋಯಿತು. ಕಾಕಾ, ‘ಇದು ನಮ್ಮ ಬಾಜ್ರಿಯ ರೋಟ್ಲೊನೇ, ನೀವು ಸಜ್ಜೆ ರೊಟ್ಟಿ ಅಂತ ತೆಳ್ಳಗೆ ಬಡಿದಿದ್ದೀರಿ ಅಷ್ಟೇ’ ಎಂದು ವಾದ ಹೂಡಿ, ಬೆಲ್ಲ ಬೇಡಿ ಪಡೆದರು. ಉದ್ದನೆಯವನು ಎರಡು ರೊಟ್ಟಿಗೆ ಕೈ ಅಡ್ಡ ಹಿಡಿದ. ಅವ್ವ ಅವನ ಕೈಯನ್ನು ಸರಿಸಿ ಮೂರನೆಯದನ್ನು ಹಾಕುತ್ತ, “ಇಷ್ಟ ಎತ್ತರ ಅದಾನ, ಎರಡು ರೊಟ್ಟಿ ಇವನ ಮೊಣಕಾಲ ತನಕಾನೂ ಮುಟ್ಟಂಗಿಲ್ಲ” ಎಂದಳು. ಅವನು ಅಗಸಿ ಹಿಂಡಿಯ ಖಾರದ ಪುಡಿಯನ್ನು ಬಾಯಿಗಿಟ್ಟು, ಕಣ್ಣೀರು ಒರೆಸಿಕೊಂಡು, ಇನ್ನಷ್ಟು ಹಾಕಿಸಿಕೊಂಡ.

ಆಗ ಅವ್ವ ನನ್ನ ಕಡೆ ತಿರುಗಿದಳು. ಮುಖ ಬೆಳಗುತ್ತಿತ್ತು. “ನಾಲ್ಕೂ ಮೂಲಿ ಆತಲ್ಲಪಾ?”

“ಆತ ಬೇ” ಎಂದೆ, ಬಾಯಲ್ಲಿ ಹೋಳಿಗೆ ಇಟ್ಟುಕೊಂಡೇ.

ಅವ್ವನಿಗೆ ಆ ಸಂತೋಷ ತಡೆಯಲಾಗಲಿಲ್ಲ. ಪಕ್ಕದ ಮೇಡಂ ಮೊಣಕೈ ತಟ್ಟಿ, ಹೆಬ್ಬೆರಳು ಮಡಚಿ ನಾಲ್ಕು ಬೆರಳು ಎತ್ತಿ ತೋರಿಸಿದಳು. ಮೇಡಂ ಇಲ್ಲವೆಂದು ತಲೆಯಾಡಿಸಿದರು. ಅವ್ವನ ಕಿರುಬೆರಳನ್ನು ಹಿಡಿದು, ಮಗುವಿಗೆ ಲೆಕ್ಕ ಹೇಳಿಕೊಡುವಂತೆ, ಮೆಲ್ಲಗೆ ಮಡಚಿದರು. ಮೂರು. ಆಮೇಲೆ ಕಿರುಪುಸ್ತಕ ತೆರೆದಿಟ್ಟರು. ಚೌಕದ ಮೂರು ಸುತ್ತಿಗೆ ಟಿಕ್ಕು, ನಾಲ್ಕನೆಯದು ಖಾಲಿ. ಅವರು ಗುರುತು ಹಾಕಿಕೊಂಡದ್ದು ನನ್ನನ್ನು ನೋಡಿ ಅಲ್ಲ. ನಾನು ಬೆಳೆಯಲ್ಲಿ ಮುಳುಗಿಹೋಗಿದ್ದೆ. ಉದ್ದನೆಯವನ ತಲೆ ಮಾತ್ರ ತಂಬಾಕಿನ ಮೇಲೆ ಎಲ್ಲೆಲ್ಲಿ ನಿಂತಿತು ಎಂಬುದನ್ನು ಅವರು ಕೂತಲ್ಲೇ ನೋಡಿದ್ದರು.

ನನ್ನನ್ನು ಯಾರಾದರೂ ಬೈದಿದ್ದರೆ ಒಳ್ಳೆಯದಿತ್ತು. ಅವ್ವ ಬೈಯಲಿಲ್ಲ. ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲಿ ಇಟ್ಟಳು. “ಆಕಿ ಇನ್ನೂ ಉಪಾಸ ಕುಂತಾಳ. ನಾವು ಉಣ್ಣಾಕತ್ತೀವಿ” ಎಂದಳು, ಮಣ್ಣಿನ ಕಡೆ ನೋಡಿ. ನನಗೆ ನೆಲ ಬಾಯಿಬಿಡಬಾರದೆ ಅನ್ನಿಸಿತು. ಆದರೆ ಹಸಿದ ನೆಲ ಬಾಯಿಬಿಟ್ಟರೆ ಆಗುವುದೇನೆಂದು ಹೊಳೆದು ಆ ಯೋಚನೆಯನ್ನೂ ಬಿಟ್ಟೆ.

ಮೇಡಂಗೆ ಎಲ್ಲ ಅರ್ಥವಾಗಿತ್ತು. ಅವರೂ ತಾಟು ಪಕ್ಕಕ್ಕಿಟ್ಟರು. ಅವರು ಇಟ್ಟದ್ದು ನೋಡಿ ಉದ್ದನೆಯವನು ಇಟ್ಟ. ಕಾಕಾ ಬೆಲ್ಲ ನುಂಗಿಕೊಂಡು ಎದ್ದು ನಿಂತರು.

ಈಗ ಉಣಿಸುವುದು ಏನನ್ನು? ಚರಗ ಖಾಲಿ. ಪಾತ್ರೆಗಳಲ್ಲಿದ್ದುದಕ್ಕೆಲ್ಲ ನಾವು ಸೌಟು ಹಾಕಿ ಉಂಡಾಗಿದೆ, ಎಂಜಲನ್ನು ಭೂಮಿತಾಯಿಗೆ ಹಾಕುವಂತಿಲ್ಲ. ಹೆಂಡತಿ ಕಾರಿನ ಡಿಕ್ಕಿ ತೆರೆದು ಬಾಸಿನ ಡಬ್ಬಿ ತಂದಳು. ನಾಲ್ಕು ಅಂತಸ್ತಿನ ಡಬ್ಬಿ, ಯಾರೂ ಮುಟ್ಟದ್ದು. ನಾನು ಅದನ್ನು ನೋಡಿದೆ, ಅವಳು ನನ್ನನ್ನು ನೋಡಿದಳು. “ನಿಮ್ಮ ಬಾಸ್ ಬಸುರಿ ಅಲ್ಲ ತಾನೆ?” ಎಂದು ಮುಚ್ಚಳ ತೆಗೆದು ಹೋಳಿಗೆ, ಪಲ್ಯ, ಅನ್ನ ಎಲ್ಲವನ್ನೂ ಬುಟ್ಟಿಗೆ ಬಗ್ಗಿಸಿ ಕಲಸಿದಳು.

ನಾನು ಶೂ ಬಿಚ್ಚಿ ಬುಟ್ಟಿಗೆ ಕೈ ಚಾಚಿದೆ. ಅವ್ವ ಕೊಡಲಿಲ್ಲ. “ನೀ ಬ್ಯಾಡ” ಎಂದಳು. ತಾನೇ ಸೆರಗು ಸಿಗಿಸಿಕೊಂಡು, ಮೇಡಂ ಹೆಗಲಿಗೆ ಕೈಯಿಟ್ಟು ಎದ್ದಳು. ಲಿಫ್ಟಿನಿಂದ ಗೇಟಿನವರೆಗೂ ನಡೆಯಲಾರೆ ಎನ್ನುವವಳು ತಂಬಾಕಿನ ಸಾಲಿನ ನಡುವೆ ನಡೆದಳು, ಒಂದೊಂದೇ ಹೆಜ್ಜೆ ಇಡುತ್ತ. ಹಿಂದೆ ನಾವೆಲ್ಲ.

ತೋಡಿನ ಅಂಚಿನಲ್ಲಿ ಮೆರವಣಿಗೆ ನಿಂತಿತು. ಕಾಕಾ ಹಲಗೆ ತರಲು ಓಡಿದರು. ಅಷ್ಟರಲ್ಲಿ ಉದ್ದನೆಯವನು “ಓಕೆ” ಎಂದು, ಬುಟ್ಟಿಸಮೇತ ಅವ್ವನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕೆಸರಿಗೆ ಇಳಿದೇಬಿಟ್ಟ.

“ಏ, ಇಳಸೋ! ಯಾವನೋ ಇವ! ಮಾನಾ ಹೋತಲ್ಲೋ!” ಅವ್ವ ಅವನ ಬೆನ್ನಿಗೆ ಗುದ್ದಿದಳು. ಅವನಿಗೆ ಅದು ತಾಗಿದಂತೆ ಕಾಣಲಿಲ್ಲ. ನಡುತೋಡಿನಲ್ಲಿ ಅವ್ವನ ಕೂಗು ತಟ್ಟನೆ ನಿಂತಿತು. ಅಷ್ಟು ಎತ್ತರದಿಂದ ಅವಳಿಗೆ ಎಲ್ಲವೂ ಕಂಡಿತ್ತು. ಕಾಕಾನ ತಂಬಾಕು, ಅದರಾಚೆ ಔಡಲ, ಅದರಾಚೆ ತೊಗರಿ, ಕಣ್ಣಿಗೆ ಎಟಕುವವರೆಗೂ ಹೊಲ. “ಯವ್ವಾ, ಎಷ್ಟ ಐತೋ!” ಎಂದಳು. ಅವನ ಹೆಗಲ ಮೇಲಿನ ಕೈ ಗುದ್ದುವುದನ್ನು ಬಿಟ್ಟು ಹಿಡಿದುಕೊಂಡಿತು. ಮೂರು ವರ್ಷದಲ್ಲಿ ಅವಳನ್ನು ಅಷ್ಟು ಖುಷಿಯಾಗಿ ನಾನು ನೋಡಿರಲಿಲ್ಲ, ನೋಡಲು ಏನೂ ಮಾಡಿಯೂ ಇರಲಿಲ್ಲ.

ನಾಲ್ಕನೆಯ ಮೂಲೆಯಲ್ಲಿ ಅವ್ವ ನಿಂತು ಬೊಗಸೆ ತುಂಬಿ ಚೆಲ್ಲಿದಳು. ನಮ್ಮ ಮನೆಯಲ್ಲಿ ಚರಗ ಚೆಲ್ಲುವುದು, ಕೂಗುವುದು ಗಂಡಸರ ಕೆಲಸ. ಅವಳು ಇಷ್ಟು ವರ್ಷ ಅಡುಗೆ ಮಾಡಿ, ಮರದ ಕೆಳಗೆ ಕೂತು ಕೇಳಿಸಿಕೊಂಡವಳು. ಈಗ ತಾನೇ ಗಂಟಲೆತ್ತಿ “ಹುಲ್ಲುಲಿಗೋ!” ಎಂದಳು. ನಾನು ಮೊಣಕಾಲವರೆಗೆ ಕೆಸರಾಗಿ, ಉಳಿದವರು ಕಾಕಾ ತಂದ ಹಲಗೆಯ ಮೇಲೆ ದಾಟಿ, ಹಿಂದೆ ನಿಂತಿದ್ದೆವು. ತಂಬಿಗೆ ನನ್ನ ಕೈಯಲ್ಲಿತ್ತು. “ಸುರಂಬಳಿಗೋ!” ಎಂದು ನಾಚಿಕೆ ಬಿಟ್ಟು ಕೂಗಿದೆ. ಉದ್ದನೆಯವನು, ಕಾಕಾ, ಮೈಸೂರಿನವಳು, ಎಲ್ಲರೂ ಕೂಗಿದರು. ಮೇಡಂ ಟಿಕ್ಕು ಹಾಕಿದರು.

ಬುಟ್ಟಿಯ ತಳದಲ್ಲಿ ಇನ್ನೊಂದು ಹಿಡಿ ಉಳಿದಿತ್ತು. ಅವ್ವ ಅದನ್ನು ಬಳಿದು ತೆಗೆದುಕೊಂಡು, ಮೂಲೆಗೆ ಬೆನ್ನುಮಾಡಿ, ಏರಿಯ ಮೇಲೆ ಎರಡು ಹೆಜ್ಜೆ ಹತ್ತಿ, ತುಂಬಿ ಹರಿಯುತ್ತಿದ್ದ ಕಾಲುವೆಯ ನಡುನೀರಿಗೆ ಎಸೆದಳು. ಅದಕ್ಕೆ ಕೂಗಲಿಲ್ಲ. ಅನ್ನ, ಹೋಳಿಗೆಯ ಚೂರು ಸ್ವಲ್ಪ ದೂರ ತೇಲಿ ಮುಳುಗುವವರೆಗೂ ನೋಡುತ್ತ ನಿಂತಳು.

ಮೇಡಂ ಪೆನ್ನು ಹಿಡಿದುಕೊಂಡೇ ನನ್ನ ಹತ್ತಿರ ಬಂದರು. “ಕೊನೆಯದು ಹೊಲದ ಗಡಿಯಿಂದ ಆಚೆ ಬಿತ್ತು. ಅದನ್ನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ, ಅಲ್ಲವೆ?” ಎಂದು ಮೆಲ್ಲಗೆ ಕೇಳಿದರು.

ನಾನು ತಂಬಿಗೆಯಲ್ಲಿ ಉಳಿದಿದ್ದ ನೀರನ್ನು ಕಾಲುವೆಗೆ ಸುರಿದೆ.

“ಹಿಡಿಯಿರಿ ಮೇಡಂ. ನಮ್ಮ ಹೊಲ ಇರುವುದೇ ನೀರಿನ ಕೆಳಗೆ.”